ಆಲಿವ್ ಎಣ್ಣಿ ಕಿತ್ತಳಿ ಕೇಕ್: ಕಹಿ ಯಾಕ ಬರ್ತದ, ತಳದಾಗ ಜಿಗುಟು ಪದರ ಯಾಕ ಕೂಡ್ತದ?

ಹುಬ್ಬಳ್ಳಿ_ಅಡಗಿಮನಿ:

ನಮಸ್ಕಾರ್ರಿ ಎಲ್ಲಾರಿಗೂ. ಕಿತ್ತಳಿ, ಲಿಂಬಿಹಣ್ಣು ಹಾಕಿದ ಆಲಿವ್ ಎಣ್ಣಿ ಕೇಕಿಗೆ ಒಂದು ಪಕ್ಕಾ ಅಳತಿ ಬೇಕಾಗೇದ. ಈಗ ಹಾಕ್ತಿರೋದು ಹಿಂಗದ: ಮೈದಾ ಒಂದೂವರಿ ಕಪ್, ಸಕ್ಕರಿ ಒಂದು ಕಪ್, ಎಕ್ಸ್‌ಟ್ರಾ ವರ್ಜಿನ್ (ರಿಫೈನ್ ಮಾಡಲಾರದ) ಆಲಿವ್ ಎಣ್ಣಿ ಮುಕ್ಕಾಲು ಕಪ್, ತತ್ತಿ ಮೂರು, ಕಿತ್ತಳಿ ರಸ ಮುಕ್ಕಾಲು ಕಪ್, ಬೇಕಿಂಗ್ ಪೌಡರ್ ಎರಡು ಚಮಚ, ಅಡಗಿ ಸೋಡಾ ಅರ್ಧ ಚಮಚ, ಎರಡು ಹಣ್ಣಿನ ಸಿಪ್ಪಿ ತುರಿ. ಹಸಿ ಸಾಮಾನೆಲ್ಲಾ ಮಿಕ್ಸರ್ ಜಾರಿನಾಗ ತಿರುವಿ, ಮೈದಾ ಕಲಸಿ, 7 ಇಂಚಿನ ಟಿನ್ನಿನಾಗ, 28 ಲೀಟರಿನ ಓಟಿಜಿಯೊಳಗ (ಕರೆಂಟಿನ ಸಣ್ಣ ಓವನ್) 180 ಡಿಗ್ರಿಗೆ ಇಡೋದು.

ಕೇಕ್ ಉಬ್ಬತದ, ಆಮ್ಯಾಲೆ ನಟ್ಟನಡುವ ಕುಸೀತದ. ಕೊಯ್ದು ನೋಡಿದ್ರ ತಳದಾಗ ಬೆರಳಿನ ದಪ್ಪ ಜಿಗುಟು ಪದರ. ಮ್ಯಾಲ ಲಗೂನ ಕರ್ರಗಾಗ್ತದ. ಹುಳಿ ಅಂಬೋದು ನಾಲಿಗಿಗೆ ತಿಳಿಯೋದಿಲ್ಲ, ಕಹಿ ಮಾತ್ರ ಉಳೀತದ. ಎಣ್ಣಿ ಬದಲಿ ಮಾಡಬೇಕೋ, ಹಣ್ಣೋ, ಅಳತಿನೋ? ತತ್ತಿ ಇಲ್ಲದ ಅಳತಿನೂ ಗೊತ್ತಿದ್ದವರು ಹೇಳ್ರಿ, ಮನ್ಯಾಗ ಹಿರ್ಯಾರು ತತ್ತಿ ತಿನ್ನೂದಿಲ್ಲ.

ಧಾರವಾಡ_ಓಟಿಜಿ:

ಅಕ್ಕಾರ, ಮೊದಲ ಅಳತಿ ನೋಡೋಣ. ಒಂದೂವರಿ ಕಪ್ ಮೈದಾ ಅಂದ್ರ ಸುಮಾರು 190 ಗ್ರಾಂ. ಅದಕ್ಕ 180 ಎಂಎಲ್ ರಸ, 180 ಎಂಎಲ್ ಎಣ್ಣಿ, ಮ್ಯಾಲ ಮೂರು ತತ್ತಿ. ಇಷ್ಟು ಹಸಿ ಹೀರಿಕೊಳ್ಳೋ ತಾಕತ್ತು ಆ ಹಿಟ್ಟಿಗಿಲ್ಲ. ಬೇಯೋ ಹೊತ್ತಿನಾಗ ಎಣ್ಣಿ, ನೀರು ಬ್ಯಾರೆ ಬ್ಯಾರೆ ಆಗಿ ತಳಕ್ಕಿಳೀತಾವ. ನಿಮ್ಮ ಜಿಗುಟು ಪದರದ ಮೊದಲನೇ ಕಾರಣ ಇದ.

ಹುಳಿ ಕಳಕೊಂಡಿದ್ದು ಸೋಡಾದಿಂದ. ಕಿತ್ತಳಿ ರಸದಾಗ ಆಮ್ಲ ಇರೋದು ನೂರಕ್ಕ ಒಂದು ಭಾಗದ ಸುತ್ತಮುತ್ತ. ಮುಕ್ಕಾಲು ಕಪ್ ರಸದ ಹುಳಿ ಪೂರ್ತಿ ಮುರೀಲಿಕ್ಕೆ ಅರ್ಧ ಚಮಚ ಸೋಡಾ ಸಾಕು. ಅಂದ್ರ ಹಣ್ಣು ಹಾಕಿ ಅದರ ರುಚಿ ನೀವ ಅಳಿಸಿದಂಗ. ಹುಳಿ ಹೋದ ಹಿಟ್ಟು ಲಗೂನ ಕೆಂಪಾಗ್ತದ, ಸಾಬೂನಿನಂಥ ವಾಸನಿನೂ ಹಿಡೀತದ. ಎರಡು ಚಮಚ ಬೇಕಿಂಗ್ ಪೌಡರಿನ ಜೋಡಿ ಇದೂ ಸೇರಿದ್ರ ಗಾಳಿ ಗುಳ್ಳಿ ಹೆಚ್ಚಾಗಿ, ಹಿಟ್ಟು ಗಟ್ಟಿಯಾಗೋದರೊಳಗ ಒಡೀತಾವ. ಅದಕ್ಕ ನಡುವ ಕುಸಿಯೋದು. ತತ್ತಿ ಹಾಕಿದ ಕೇಕಿಗೆ ಸೋಡಾ ಬ್ಯಾಡ ಅನ್ನೋದು ನನ್ನ ಖಡಕ್ ಅಭಿಪ್ರಾಯ.

7 ಇಂಚು ಅಗಲ, 3 ಇಂಚು ಎತ್ತರದ ಟಿನ್ನಿಗೆ ಈ ಅಳತಿ ಹಿಡೀರಿ, ತಕ್ಕಡಿ ಮ್ಯಾಲನ ತೂಗ್ರಿ: ಮೈದಾ 180 ಗ್ರಾಂ, ಸಕ್ಕರಿ 180 ಗ್ರಾಂ, ಆಲಿವ್ ಎಣ್ಣಿ 120 ಗ್ರಾಂ (ಎಂಎಲ್ ಲೆಕ್ಕದಾಗ 130ರ ಆಸುಪಾಸು, ಎಣ್ಣಿ ನೀರಿಗಿಂತ ಹಗುರ), ತತ್ತಿ 3, ಹುಳಿ ಬರದ ಮೊಸರು 60 ಗ್ರಾಂ, ಕಿತ್ತಳಿ ರಸ 45 ಎಂಎಲ್, ಲಿಂಬಿ ರಸ 15 ಎಂಎಲ್, ಬೇಕಿಂಗ್ ಪೌಡರ್ ಒಂದೂವರಿ ಚಮಚ, ಉಪ್ಪು ಕಾಲು ಚಮಚಕ್ಕ ಸ್ವಲ್ಪ ಮ್ಯಾಲ, ಎರಡು ಕಿತ್ತಳಿ ಮತ್ತ ಒಂದು ಲಿಂಬಿಯ ಸಿಪ್ಪಿ ತುರಿ. ಚಮಚ ಅಂದ್ರ 5 ಎಂಎಲ್ ಅಳತಿ ಚಮಚ, ಊಟದ ಚಮಚ ಅಲ್ಲ.

ಇನ್ನ ಕಹಿ. ಅದು ಎಲ್ಲಿಂದ ಬಂತು ಅಂತ ತಿಂದು ನೋಡಿನ ಗುರುತು ಹಿಡೀಬಹುದು. ಸಿಪ್ಪಿ ಚೂರು ಹಲ್ಲಿಗೆ ಸಿಕ್ಕಾಗಷ್ಟ ಕಹಿ ಅನಿಸಿದ್ರ, ತುರಿಯೋವಾಗ ಒಳಗಿನ ಬಿಳಿ ಭಾಗನೂ ಬಂದದ. ನುಂಗಿದ ಮ್ಯಾಲ ಗಂಟಲಿನಾಗ ಮೆಣಸಿನ ಹಂಗ ಚುರುಚುರು ಅಂದು, ನಾಲಿಗಿ ಹಿಂದ ಕಹಿ ನಿಂತ್ರ ಅದು ಎಣ್ಣಿದು. ಇಡೀ ಕೇಕಿಗೆ ಒಂದ ಸಮ ಕಹಿ ಇದ್ದು ಸಾಬೂನಿನ ನಾತ ಇದ್ರ ಸೋಡಾ. ಇನ್ನೊಂದದ, ಅದನ್ನ ಭಾಳ ಮಂದಿ ಲಕ್ಷ್ಯಕ್ಕ ತಗೋಳೋದಿಲ್ಲ: ರಸದ ಕಹಿ. ಕೆಲವು ತಳಿ ಕಿತ್ತಳಿ, ಮೋಸಂಬಿ ರಸ ಹಿಂಡಿದಾಗ ಸಿಹಿ ಇರ್ತದ, ಇಟ್ಟಂಗ ಇಟ್ಟಂಗ ಕಹಿ ಆಗ್ತದ. ಹಣ್ಣಿನ ತೊಳಿ ಪರದಿ ಮತ್ತ ಬೀಜದೊಳಗಿನ ಒಂದು ಅಂಶ ರಸದ ಹುಳಿಗೆ ಲಿಮೊನಿನ್ ಅನ್ನೋ ಕಹಿ ಪದಾರ್ಥ ಆಗಿ ತಿರಗ್ತದ, ಕಾವು ಬಿದ್ರ ಇನ್ನೂ ಲಗೂ. ಪಂಜಾಬ್ ಕಡೆಯಿಂದ ಬರೋ ಕಿನ್ನೋ ಅನ್ನೋ ಕಿತ್ತಳಿ ತಳಿಯೊಳಗ ಇದು ಜಾಸ್ತಿ, ಬೀಜನೂ ಅದರಾಗ ಭಾಳ. ಮಿಕ್ಸರಿಗೆ ತೊಳಿ ಹಾಕಿ ರುಬ್ಬಿದ್ರ ಬೀಜ ಒಡದು ಕೆಲಸ ಕೆಡ್ತದ. ಕೈಯಿಂದ ಹಿಂಡ್ರಿ, ಸಾಣಿಗಿ ಹಿಡೀರಿ, ಹಿಂಡಿದ ರಸ ಆಗಿಂದಾಗ ಹಿಟ್ಟಿಗೆ ಹೋಗಲಿ.

ಕಿತ್ತಳಿ ವಾಸನಿ ಇರೋದು ರಸದಾಗ ಅಲ್ಲ, ಸಿಪ್ಪಿ ಮ್ಯಾಲಿನ ಸಣ್ಣ ಸಣ್ಣ ಎಣ್ಣಿ ಚೀಲದಾಗ. ಹಣ್ಣನ್ನ ಬಿಸಿನೀರಾಗ ಒಂದು ಅರ್ಧ ನಿಮಿಷ ಅದ್ದಿ, ಹರಳುಪ್ಪು ಹಚ್ಚಿ ತಿಕ್ಕಿ ತೊಳೀರಿ. ಹೊಳಪಿಗೆ ಹಚ್ಚಿದ ಮೇಣ ಹೋಗ್ತದ. ಪೂರ್ತಿ ಒಣಗಿಸಿ ತುರೀರಿ. ನಾಗಪುರ ಕಿತ್ತಳಿ ಸಿಪ್ಪಿ ಸಡಲ ಇರ್ತದ, ಒತ್ತಿದ್ರ ಒಳಗ ಹೋಗ್ತದ. ಅದಕ್ಕ ಹಣ್ಣು ಸುಲಿಯೋಕ್ಕಿಂತ ಮೊದಲು, ಸಣ್ಣ ಕಣ್ಣಿನ ತುರಿಮಣಿ ಮ್ಯಾಲ ಹಣ್ಣು ತಿರುಗಿಸ್ತಾ ಒಂದು ಜಾಗಕ್ಕ ಒಂದ ಸಲ ಎಳೀರಿ. ಕೆಳಗ ಬೆಳ್ಳಗ ಕಂಡ ಕೂಡ್ಲೆ ಮುಂದಿನ ಜಾಗಕ್ಕ ಹೋಗ್ರಿ. ಆ ತುರಿನ ಸಕ್ಕರಿ ಜೋಡಿ ಬೆರಳಿಂದ ಎರಡು ನಿಮಿಷ ತಿಕ್ರಿ. ಸಕ್ಕರಿ ಕಾಳು ಎಣ್ಣಿ ಚೀಲ ಒಡೀತಾವ. ಸಕ್ಕರಿ ತಿಳಿ ಕೇಸರಿ ಬಣ್ಣಕ್ಕ ತಿರುಗಿ, ಹಸಿ ಉಸುಕಿನ ಹಂಗ ಕೈಗೆ ಹತ್ತಬೇಕು, ಮನಿತುಂಬ ವಾಸನಿ ಬರಬೇಕು. ಇದೊಂದು ಹಂತ ಬಿಟ್ರ ಎಷ್ಟು ರಸ ಹಾಕಿದ್ರೂ ಕಿತ್ತಳಿ ಕೇಕ್ ಅನಿಸೋದಿಲ್ಲ.

ಆ ಸಕ್ಕರಿಗೆ ತತ್ತಿ ಒಡದು ಹಾಕಿ (ಫ್ರಿಜ್ಜಿನಿಂದ ಅರ್ಧ ತಾಸು ಮೊದಲ ತಗದಿಟ್ಟಿರಬೇಕು) ಕೈ ಬೀಟರಿನಿಂದ 4–5 ನಿಮಿಷ ಹೊಡೀರಿ. ಬೆಳ್ಳಗಾಗಿ, ದಪ್ಪಾಗಿ, ಬೀಟರ್ ಎತ್ತಿದ್ರ ಇಳಿಯೋ ದಾರ ಒಂದು ಗಳಿಗಿ ಮ್ಯಾಲ ಕಾಣಬೇಕು. ಎಣ್ಣಿ ದಾರದಷ್ಟು ಸಣ್ಣಾಗಿ ಹನಿಸ್ತಾ ಹೊಡೀತಾ ಇರ್ರಿ, ಸುಮಾರು ಒಂದು ನಿಮಿಷ. ಒಮ್ಮೆಲೆ ಸುರುವಿದ್ರ ಎಣ್ಣಿ ಮಿಶ್ರಣದಾಗ ಕೂಡೋದಿಲ್ಲ, ಬೇಯೋವಾಗ ಬಿಟ್ಟುಕೊಡ್ತದ. ಮಿಕ್ಸರ್ ಜಾರು ಬ್ಯಾಡ್ರಿ. ಅದರ ವೇಗಕ್ಕ ಎಕ್ಸ್‌ಟ್ರಾ ವರ್ಜಿನ್ ಎಣ್ಣಿಯ ಕಹಿ ಎದ್ದು ಕಾಣಬಹುದು, ತತ್ತಿಯೊಳಗ ಗಾಳಿನೂ ಹಿಡಿಯೋದಿಲ್ಲ. ಮೈದಾ, ಬೇಕಿಂಗ್ ಪೌಡರ್, ಉಪ್ಪು ಎರಡು ಸಲ ಸಾಣಿಸಿ, ಮೂರು ಪಾಲು ಮಾಡಿ, ನಡುನಡುವ ಮೊಸರು-ರಸ ಹಾಕ್ತಾ ಸೌಟಿನಿಂದ ಮಡಚಿ ಕಲಸ್ರಿ. ಒಣ ಹಿಟ್ಟು ಕಾಣದಂಗ ಆದ ಕೂಡ್ಲೆ ನಿಲ್ಲಸ್ರಿ. ಮುಂದ ಕಲಸಿದ್ರ ಮೈದಾ ನಾರು ಹಿಡದು ಕೇಕ್ ಬಿಗೀತದ.

ಹಾವೇರಿ_ಬೇಕರ್:

ಮ್ಯಾಲಿನವರು ಹೇಳಿದ್ದು ಬರೋಬರಿ. ಓಟಿಜಿ ವಿಷಯ ಅಷ್ಟ ನಾನು ಹೇಳ್ತೇನಿ.

28 ಲೀಟರಿನ ಓಟಿಜಿಯೊಳಗ ಮ್ಯಾಲಿನ ರಾಡು ಕೇಕಿಗೆ ಭಾಳ ಹತ್ತರ ಇರ್ತದ. ಜಾಳಿಗಿ ಕೆಳಗಿನ ಸಾಲಿಗೆ ಇಡ್ರಿ, ಟಿನ್ನಿನ ನಡುಮಟ್ಟ ಓವನಿನ ನಡುವಿಗೆ ಬರಬೇಕು. ಎರಡೂ ರಾಡ್ ಹಚ್ಚಿ 170 ಡಿಗ್ರಿಗೆ 15 ನಿಮಿಷ ಕಾಯಿಸ್ರಿ. ಗುಂಡಿ ಮ್ಯಾಲಿನ ನಂಬರನ್ನ ಪೂರ್ತಿ ನಂಬಬ್ಯಾಡ್ರಿ, ಒಳಗ ಇಡೋ ಓವನ್ ಥರ್ಮಾಮೀಟರ್ ತಗೊಂಡ್ರ ಖರೆ ಕಾವು ತಿಳೀತದ. ಕರಿ ಬಣ್ಣದ ಟಿನ್ ಇದ್ರ 10 ಡಿಗ್ರಿ ಕಡಿಮಿ, ಬಿಳಿ ಅಲ್ಯುಮಿನಿಯಂ ಆದ್ರ ಹಂಗ ಇರಲಿ.

ಮೊದಲ 25 ನಿಮಿಷ ಬಾಗಿಲಾ ತಗೀಬ್ಯಾಡ್ರಿ. 25–30ಕ್ಕ ಮ್ಯಾಲ ಕೆಂಪಾಗಿದ್ರ ಫಾಯಿಲ್ ಸಡಲ ಮುಚ್ರಿ. ಒಟ್ಟು 40–45 ನಿಮಿಷ. ಎಣ್ಣಿ ಕೇಕಿನಾಗ ಕಡ್ಡಿ ಪರೀಕ್ಷಿ ಮೋಸ ಮಾಡ್ತದ, ಎಣ್ಣಿ ಜಿಡ್ಡಿಗೆ ಹಸಿ ಹಿಟ್ಟು ಹತ್ತೋದಿಲ್ಲ. ನಟ್ಟನಡುವ, ತಳದ ತನಕ ಚುಚ್ಚಿ ನೋಡ್ರಿ. ನಡುವ ಮೆತ್ತಗ ಬೆರಳು ಒತ್ತಿದ್ರ ತಗ್ಗು ಉಳೀಬಾರದು. ಕೇಕ್ ಟಿನ್ನಿನ ಅಂಚು ಬಿಟ್ಟಿರಬೇಕು. ಅಡಗಿ ಥರ್ಮಾಮೀಟರ್ ಇದ್ದವರಿಗೆ ಗುರುತು: ನಡುವ 96ರಿಂದ 98 ಡಿಗ್ರಿ.

ಇದರಿಂದನ ಇನ್ನೊಂದು ಸಂಶಯನೂ ಪರಿಹಾರ ಆಗ್ತದ. "ಎಕ್ಸ್‌ಟ್ರಾ ವರ್ಜಿನ್ ಕಾಯಿಸಬಾರದು" ಅಂತ ಹೆದರೋರು ಇದಾರ. ಕೇಕಿನ ಒಳಗ ನೂರು ಡಿಗ್ರಿನೂ ದಾಟೋದಿಲ್ಲ, ಹೊಗಿ ಏಳೋ ಪ್ರಶ್ನೆನ ಇಲ್ಲ.

ಗದಗ_ಶಾಕಾಹಾರಿ:

ತತ್ತಿ ಇಲ್ಲದ್ದು ಕೇಳಿದ್ರಿ ಅಕ್ಕಾರ. ಅದಕ್ಕ ಮ್ಯಾಲಿನ ಅಳತಿಯೊಳಗ ಬರೇ ತತ್ತಿ ತಗದು ಮೊಸರು ಹಾಕಿದ್ರ ನಡಿಯೋದಿಲ್ಲ, ಸಕ್ಕರಿ ಎಣ್ಣಿ ಎರಡೂ ಇಳೀಬೇಕು. ಇಲ್ಲಾಂದ್ರ ಹಿಡದಿಡೋದು ಏನೂ ಇರೋದಿಲ್ಲ, ಕೊಯ್ದ ಕೂಡ್ಲೆ ಪುಡಿ ಆಗ್ತದ.

ಮೈದಾ 190 ಗ್ರಾಂ, ಸಕ್ಕರಿ 150, ಗಟ್ಟಿ ಮೊಸರು 200, ಎಣ್ಣಿ 100 ಎಂಎಲ್, ಕಿತ್ತಳಿ ರಸ 45 ಎಂಎಲ್, ಬೇಕಿಂಗ್ ಪೌಡರ್ ಒಂದು ಚಮಚ, ಸೋಡಾ ಅರ್ಧ ಚಮಚ, ಉಪ್ಪು ಕಾಲು ಚಮಚ, ಸಿಪ್ಪಿ ತುರಿ ಮ್ಯಾಲಿನ ಅಳತಿಯಷ್ಟ. ಇಲ್ಲಿ ಸೋಡಾ ಬೇಕ ಬೇಕು. ಉಬ್ಬಸೋ ತತ್ತಿ ಇಲ್ಲ, ಸೋಡಾಕ್ಕ ಎದುರು ನಿಲ್ಲಲಿಕ್ಕೆ ಮೊಸರಿನ ಹುಳಿ ಅದ. ಹೋಗೋ ಕಿತ್ತಳಿ ಹುಳಿ ತುಂಬಲಿಕ್ಕೆ ಕಡೀಕ ಸ್ವಲ್ಪ ಪಾಕ ಹಾಕೋದು: 30 ಎಂಎಲ್ ಲಿಂಬಿ ರಸ, 25 ಗ್ರಾಂ ಸಕ್ಕರಿ, ಸಕ್ಕರಿ ಕರಗೋಷ್ಟು ಬೆಚ್ಚಗ ಮಾಡಿ, ಬಿಸಿ ಕೇಕಿಗೆ ಕಡ್ಡಿಯಿಂದ ತೂತು ಮಾಡಿ ಚಮಚದಿಂದ ಹನಿಸ್ರಿ. ವಿಜಯಪುರ ಜಿಲ್ಲಾದ ಇಂಡಿ ಕಡೆ ಲಿಂಬಿ ಸಿಕ್ರ ಭಾಳ ಛಲೋ, ತೆಳು ಸಿಪ್ಪಿ, ತುಂಬ ರಸ.

ಮೊಸರು, ಸಕ್ಕರಿ, ಎಣ್ಣಿ ಮೂರನ್ನ ಎಣ್ಣಿ ಮ್ಯಾಲ ತೇಲದಂಗ ಆಗೋ ತನಕ ಹೊಡೀರಿ. ಒಣ ಸಾಮಾನು ಸೇರಿಸಿದ ಮ್ಯಾಲ ತಡ ಮಾಡಬ್ಯಾಡ್ರಿ, ಸೋಡಾ ಆಗ್ಲೇ ಕೆಲಸ ಶುರು ಮಾಡಿರ್ತದ. ಓವನ್ ಮೊದಲ ಕಾದಿರಬೇಕು. ಬ್ಯಾಸಗಿಯೊಳಗ ಮೊಸರು ಲಗೂನ ಹುಳಿ ಬರ್ತದ, ಅವತ್ತಿಂದ ಅವತ್ತಿನ ಮೊಸರ ತಗೋರಿ.

ಚಿರೋಟಿ ರವಾ ಸೇರಿಸಿದ್ರ ಇನ್ನೂ ರುಚಿ. 50 ಗ್ರಾಂ ಮೈದಾ ತಗದು ಅಷ್ಟ ರವಾ ಹಾಕ್ರಿ, ಆದ್ರ ರವಾನ ಮೊದಲ ಮೊಸರಿನಾಗ 15 ನಿಮಿಷ ನೆನಸಿ, ಸೋಡಾ ಕಡೀಕ ಹಾಕ್ರಿ. ನೆನೀಲಾರದ ರವಾ ಬೆಂದ ಮ್ಯಾಲೂ ಹಲ್ಲಿಗೆ ಕರಕರ ಅಂತದ.

ಹುಬ್ಬಳ್ಳಿ_ಅಡಗಿಮನಿ:

ಎಲ್ಲಾರಿಗೂ ಭಾಳ ಉಪಕಾರ ಆತು. ಎರಡು ಸಂಶಯ ಉಳದಾವ. ಅಂಗಡ್ಯಾಗ "ಎಕ್ಸ್‌ಟ್ರಾ ಲೈಟ್", "ಪೋಮಸ್" ಅಂತ ಇರೋ ಎಣ್ಣಿ ಅಗ್ಗ, ಅದು ನಡೀತದೇನು? ನಮ್ಮ ಕಡೆ ಕುಸುಬಿ ಎಣ್ಣಿ ಹಾಕಿದ್ರ?

ಧಾರವಾಡ_ಓಟಿಜಿ:

"ಲೈಟ್" ಅಂದ್ರ ಕೊಬ್ಬು ಕಡಿಮಿ ಅಂತ ಅಲ್ರಿ, ರಿಫೈನ್ ಮಾಡಿ ರುಚಿ ತಗದದ್ದು ಅಷ್ಟ. ಪೋಮಸ್ ಅಂದ್ರ ಎಣ್ಣಿ ತಗದು ಉಳದ ಹಿಂಡಿಯಿಂದ ದ್ರಾವಕ ಹಾಕಿ ತಗದು ರಿಫೈನ್ ಮಾಡಿದ್ದು. ಎರಡರಿಂದಲೂ ಕೇಕ್ ಮೆತ್ತಗ ಆಗ್ತದ, ಆಲಿವ್ ರುಚಿ ಮಾತ್ರ ಬರೋದಿಲ್ಲ. ಆ ರುಚಿ ಬ್ಯಾಡಂದ್ರ ರಿಫೈನ್ ಕುಸುಬಿ ಎಣ್ಣಿನ ತೂಕಕ್ಕ ತೂಕ ಹಾಕ್ರಿ, ಪೋಮಸ್ಸಿಗೆ ರೊಕ್ಕ ಕೊಡೋ ಕಾರಣ ಇಲ್ಲ. ಗಾಣದ ಕುಸುಬಿ ಆದ್ರ ಅದರದ ಒಂದು ವಾಸನಿ ಅದ, ಕಿತ್ತಳಿ ಜೋಡಿ ಕೂಡೋದಿಲ್ಲ. ಗಾಣದ ಶೇಂಗಾ ಎಣ್ಣಿ ಅಂತೂ ಬ್ಯಾಡ, ಸಿಪ್ಪಿ ವಾಸನಿ ಪೂರ್ತಿ ಮುಚ್ಚಿಬಿಡ್ತದ.

ನನ್ನ ಸಲಹಾ: 60 ಗ್ರಾಂ ಎಕ್ಸ್‌ಟ್ರಾ ವರ್ಜಿನ್, 60 ಗ್ರಾಂ ರಿಫೈನ್ ಕುಸುಬಿ. ಆಲಿವಿನ ಹಣ್ಣು ವಾಸನಿ ಉಳೀತದ, ಕಹಿ ಇಳೀತದ, ಖರ್ಚೂ ಕಡಿಮಿ. ಎಣ್ಣಿನ ಹಾಕೋ ಮೊದಲು ಅರ್ಧ ಚಮಚ ಬರೇ ಬಾಯಾಗ ಹಾಕಿ ನೋಡ್ರಿ. ಗಂಟಲು ಚುರುಕ್ ಅಂದ್ರ ಹೆದರಬ್ಯಾಡ್ರಿ, ತಾಜಾ ಎಣ್ಣಿಯ ಗುರುತದು, ಬೆಂದ ಮ್ಯಾಲ ಮೆತ್ತಗಾಗ್ತದ. ಹಳೇ ಶೇಂಗಾದಂಥ ಕಮಟು ಬಂದ್ರ ಮಾತ್ರ ಆ ಬಾಟ್ಲಿ ಕೇಕಿಗೆ ಬ್ಯಾಡ, ಕಮಟು ಬೇಯಿಸಿದ್ರ ಹೋಗೋದಿಲ್ಲ. 250 ಎಂಎಲ್‌ನ ಕರಿ ಗಾಜಿನ ಬಾಟ್ಲಿ ತಗೊಂಡು, ಒಲಿ ಬಾಜೂಕ ಇಡದ, ಒಡದ ಮ್ಯಾಲ ಎರಡು ಮೂರು ತಿಂಗಳಾಗ ಮುಗಸ್ರಿ.

ಹಾವೇರಿ_ಬೇಕರ್:

ಒಂದು ಬಿಟ್ಟಿದ್ದೆ: ನಡುವ ಕರೆಂಟ್ ಹೋದ್ರ. 30 ನಿಮಿಷ ದಾಟಿದ್ರ ಬಾಗಿಲಾ ತಗೀದ ಹಂಗ ಬಿಡ್ರಿ, ಒಳಗಿನ ಕಾವಿಗೆ ಸ್ವಲ್ಪ ಹೊತ್ತು ಬೇಯ್ತಾ ಇರ್ತದ. ಕರೆಂಟ್ ಬಂದ ಮ್ಯಾಲ ಕಾವು ಏರೋಷ್ಟು ಹೊತ್ತು ಹೆಚ್ಚಿಗಿ ಇಡ್ರಿ. ಮೊದಲ 15 ನಿಮಿಷದಾಗ ಹೋಗಿ ಲಗೂ ಬರೋ ಲಕ್ಷಣ ಇಲ್ಲಾಂದ್ರ ಟಿನ್ನನ್ನ ಗ್ಯಾಸ್ ಮ್ಯಾಲ ಬದಲಿ ಮಾಡ್ರಿ: ದಪ್ಪ ತಳದ ದೊಡ್ಡ ಪಾತೇಲಿಯೊಳಗ ಒಂದು ಇಂಚು ಉಪ್ಪು, ಮ್ಯಾಲ ಸ್ಟ್ಯಾಂಡು, ಮುಚ್ಚಿ 10 ನಿಮಿಷ ಮಧ್ಯಮ ಉರಿಗೆ ಕಾಯಿಸಿ ಟಿನ್ ಇಟ್ಟು, ಸಣ್ಣ ಉರಿ ಮಾಡಿ 40–50 ನಿಮಿಷ. ಮುಚ್ಚಳಕ್ಕ ಒಣ ಅರಬಿ ಕಟ್ರಿ, ಆವಿ ನೀರು ಕೇಕ್ ಮ್ಯಾಲ ಬೀಳಬಾರದು.

ಬೆಂದ ಕೇಕ್ ಟಿನ್ನಿನಾಗ 10 ನಿಮಿಷ, ಆಮ್ಯಾಲೆ ಜಾಳಿಗಿ ಮ್ಯಾಲ. ಟಿನ್ನಿನಾಗ ಪೂರ್ತಿ ಆರಲಿಕ್ಕೆ ಬಿಟ್ರ ಆವಿಗೆ ತಳ ಮತ್ತ ಹಸಿ ಆಗ್ತದ. ಪಾಕ ಹಾಕೋರು ಟಿನ್ನಿನಾಗ ಇದ್ದಾಗ ಹಾಕ್ರಿ. ಕೊಯ್ಯೋದು ಮರುದಿನ, ಎಣ್ಣಿ ಕೇಕಿನ ರುಚಿ ಎರಡನೇ ದಿನಕ್ಕ ಕೂಡ್ತದ. ಬಿಗಿ ಡಬ್ಬಿಯೊಳಗ ಚಳಿಗಾಲದಾಗ ಮೂರು ದಿನ ಹೊರಗ ಇರ್ತದ, ಏಪ್ರಿಲ್-ಮೇ ಬಿಸಲಿಗೆ ಒಂದು ದಿನ ಆದ ಮ್ಯಾಲ ಫ್ರಿಜ್ಜಿಗೆ ಇಡ್ರಿ. ತಿನ್ನೋ ಅರ್ಧ ತಾಸು ಮೊದಲ ಹೊರಗ ತಗೀರಿ, ಫ್ರಿಜ್ಜಿನಾಗ ಆಲಿವ್ ಎಣ್ಣಿನೂ ಸ್ವಲ್ಪ ಗಟ್ಟಿಯಾಗ್ತದ.