ಹೆಡ್‌ಮಾಸ್ತರ್ ಅಜ್ಜನ ನೆನಪಿನ ಪುಸ್ತಿಕೆ: ಪಂಚಾಂಗದ ವಿಷಯ ಬರೆಯಬಹುದಾ?

ಬೆಣ್ಣಿಹಳ್ಳದ ಮೊಮ್ಮಗಳು:

ಮುಂದಿನ ತಿಂಗಳು ನಮ್ಮ ಅಜ್ಜನ ಮೊದಲ ಪುಣ್ಯಸ್ಮರಣೆ. ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಮಾಸ್ತರಿಕೆ ಮಾಡಿ, ಅದೇ ಸಾಲಿಯ ಹೆಡ್‌ಮಾಸ್ತರಾಗಿ 1994ರಲ್ಲಿ ನಿವೃತ್ತರಾದವರು. ಮನೆಯವರು ಸೇರಿ ಸಣ್ಣ ಪುಸ್ತಿಕೆ ಮಾಡಿಸುತ್ತಿದ್ದೇವೆ. ಕಾಕಾ ಬರೆದು ಕಳಿಸಿದ್ದು ಹೀಗಿದೆ: "ಶಿಸ್ತಿನ ಸಿಪಾಯಿ, ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ." ಹೆಸರು ತೆಗೆದರೆ ಧಾರವಾಡ ಜಿಲ್ಲೆಯ ಯಾವ ಹೆಡ್‌ಮಾಸ್ತರಿಗೂ ಅಂಟಿಸಬಹುದು. ಅಜಾತಶತ್ರು ಅಂತೂ ಸುಳ್ಳು. ಊರಿನ ಅರ್ಧ ಜನಕ್ಕೆ ಅಜ್ಜನ ಮೇಲೆ ಸಿಟ್ಟಿತ್ತು.

ನನಗೆ ಬರೆಯಬೇಕು ಅನಿಸಿದ್ದು ಅವರ ಪಂಚಾಂಗಗಳ ಬಗ್ಗೆ. ಪಡಸಾಲೆಯ ಗೂಡಿನಲ್ಲಿ ಹಳೆಯ ಪಂಚಾಂಗಗಳನ್ನು ದಬ್ಬಣದಿಂದ ಹೊಲಿದು ಜೋಡಿಸಿಟ್ಟಿದ್ದರು. ಮುಹೂರ್ತ ನೋಡಲಿಕ್ಕಲ್ಲ, ಒಂದನೇ ಇಯತ್ತೆಗೆ ಬರುವ ಮಕ್ಕಳ ಹುಟ್ಟಿದ ತಾರೀಖು ಹಿಡಿಯಲಿಕ್ಕೆ. ಉಳಿದ ಕಡೆ ಏನಾಗುತ್ತಿತ್ತು ಅಂತ ನಿಮಗೆಲ್ಲ ಗೊತ್ತು. ತಾಯಿ-ತಂದೆಗೆ ತಾರೀಖು ಗೊತ್ತಿಲ್ಲ, ಮಾಸ್ತರು 1-6 ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅಜ್ಜ ಮಾತ್ರ ಬಿಡುತ್ತಿರಲಿಲ್ಲ.

"ನೀವ ಒಂದ ಬರಕೊಳ್ರಿ ಸರ್."

"ನಾ ಏನ್ ಬರಕೊಳ್ಳಲಿ? ಹಡದಾಕಿ ನೀ."

ಆಮೇಲೆ ಶುರು. ಬಿತ್ತಿಗಿ ಮೊದಲೋ ಆಮ್ಯಾಲೋ? ಹಳ್ಳ ಬಂದಿತ್ತೋ? ಕಾಮಣ್ಣನ ಹುಣ್ಣಿವಿ ಆಗಿತ್ತೋ? 1986ರಲ್ಲಿ ಸೇರಿದ ಮಕ್ಕಳದು ಅವರಿಗೆ ಸುಲಭವಾಯಿತಂತೆ, 1980 ಅಂಥ ವರ್ಷ. ಫೆಬ್ರುವರಿ 16ಕ್ಕೆ, ಶಿವರಾತ್ರಿ ಅಮಾಸಿ ದಿನ, ಖಗ್ರಾಸ ಸೂರ್ಯಗ್ರಹಣ. ಜುಲೈ 21ಕ್ಕೆ ನವಲಗುಂದ-ನರಗುಂದದ ಗೋಲಿಬಾರ್, ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದ ದಿನ. "ಗ್ರಹಣದ ದಿನ ಕೂಸಿಗೆ ಹನ್ನೊಂದು ದಿನ ಆಗಿತ್ರಿ" ಅಂದರೆ 5-2-1980. "ಗೋಲಿಬಾರ್ ಆದ ವಾರದ ಶುಕ್ರವಾರ" ಅಂದರೆ 25-7-1980. ಸಿದ್ಧಾರ್ಥಿ ಸಂವತ್ಸರದ ಪಂಚಾಂಗದಲ್ಲಿ ಗ್ರಹಣದ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಮಧ್ಯಾಹ್ನ ಕತ್ತಲು. ಕೋಳಿ ಗೂಡು ಸೇರಿದವು."

ಕಾಕಾಗೆ ಇದು ಬೇಡವಂತೆ. "ಆದರ್ಶ ಶಿಕ್ಷಕರ ಬಗ್ಗೆ ಬರೆಯೋದು ಬಿಟ್ಟು ರಿಜಿಸ್ಟರಿನ ಕಥಿ ಯಾಕ?" ಅಂತಾರೆ. ನೀವೇನು ಹೇಳುತ್ತೀರಿ?

ಒಂದು-ಆರು:

ಬರೆಯಿರಿ, ಖಂಡಿತ ಬರೆಯಿರಿ. ನನ್ನದು 1-6-1978. ನಮ್ಮ ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಜೂನ್ ಒಂದೇ. ಆ ದಿನ ವಾಟ್ಸ್ಯಾಪ್ ಗುಂಪು ತೆರೆದರೆ ಯಾರು ಯಾರಿಗೆ ಶುಭಾಶಯ ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಹೊಟ್ಟೆನೋವು ಶುರುವಾಯಿತು ಅಂತ ನಮ್ಮವ್ವ ಸಾಯುವ ತನಕ ಹೇಳುತ್ತಿದ್ದಳು. ಅಷ್ಟು ಸಾಕಿತ್ತಲ್ಲ? ಕೇಳುವವರು ಇರಲಿಲ್ಲ.

ಹಳೇ ಗುಮಾಸ್ತ:

ತಾಲೂಕು ಕಚೇರಿಯಲ್ಲಿ ಸೇವೆ ಮುಗಿಸಿದವನು ನಾನು. ಇದು ರಿಜಿಸ್ಟರಿನ ಕಥೆ ಅಂತ ನಿಮ್ಮ ಕಾಕಾ ಹಗುರ ಮಾಡಬಾರದು. ಜನನ-ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಬಂದ ಮೇಲೂ ಮನೆಯಲ್ಲೇ ಹುಟ್ಟಿದ ಎಷ್ಟೋ ಮಕ್ಕಳನ್ನು ಯಾರೂ ಬರೆಸಲಿಲ್ಲ. ಸಾಲಿಯ ದಾಖಲಾತಿ ಪುಸ್ತಕದಲ್ಲಿ ಮಾಸ್ತರು ಬರೆದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ, ಅಲ್ಲಿಂದ ನೌಕರಿಗೆ, ನಿವೃತ್ತಿಗೆ. ಆಮೇಲೆ ತಿದ್ದಿಸಬೇಕೆಂದರೆ ಕೋರ್ಟು ಅಲೆಯಬೇಕು.

ಇನ್ನೊಂದು ಮಾತು. ಆಗ ವಯಸ್ಸು ಇಳಿಸಿ ಬರೆಸುವುದೂ ಇತ್ತು. "ಮುಂದ ನೌಕರಿಗೆ ಅನುಕೂಲ ಆಗ್ತೈತ್ರಿ, ಒಂದೆರಡು ವರ್ಷ ಕಡಿಮಿ ಹಾಕ್ರಿ" ಅನ್ನುವವರು. ಊರಿನ ಅರ್ಧ ಜನಕ್ಕೆ ಸಿಟ್ಟು ಅಂದಿರಲ್ಲ, ಅದಕ್ಕೇ ಇರಬೇಕು.

ಬೆಣ್ಣಿಹಳ್ಳದ ಮೊಮ್ಮಗಳು:

ಸರಿಯಾಗಿ ಹಿಡಿದಿರಿ ಸರ್. ಅಷ್ಟೇ ಅಲ್ಲ, ಎಲ್ಲರಿಗಿಂತ ದೊಡ್ಡ ಸಿಟ್ಟು ಕಾಕಾನದೇ! 1966ರಲ್ಲಿ ಕಾಕಾ ಸಾಲಿಗೆ ಸೇರಿದಾಗ ಅಜ್ಜ ಇನ್ನೂ ಸಹಶಿಕ್ಷಕರು. ರಿಜಿಸ್ಟರ್ ಬರೆಯುವ ಕೆಲಸ ಅವರದೇ. ಮಗನಿಗೆ ಹುಟ್ಟಿದ ತಾರೀಖನ್ನೇ ಬರೆದರು. ಕಾಕಾನ ಜೊತೆ ಕಲಿತು ನೌಕರಿ ಸೇರಿದ ಗೆಳೆಯರು ಇನ್ನೂ ಕುರ್ಚಿಯಲ್ಲಿದ್ದಾಗ ಕಾಕಾ ಹಾರ ಹಾಕಿಸಿಕೊಂಡು ಮನೆಗೆ ಬಂದರು. "ನಮ್ಮಪ್ಪ ನನ್ನ ಎರಡು ವರ್ಷದ ಪಗಾರ ತಿಂದ" ಅನ್ನುವುದು ಮದುವೆ ಮನೆಗಳಲ್ಲಿ ಅವರ ಕಾಯಂ ಮಾತು. ಪುಸ್ತಿಕೆಯಲ್ಲಿ ಮಾತ್ರ ಬೇಡವಂತೆ.

ಜೋಳದ ರೊಟ್ಟಿ:

ಎಲ್ಲ ಛಂದ ಬರದೀರಿ ತಂಗಿ. ಆದರ ಅಜ್ಜಿ ಎಲ್ಲಿ? ನಾನೂ ಹಳ್ಳಿಯಾಕಿನ. ಹೆರಿಗೆ ಮಾತು ಮಾಸ್ತರ ಮುಂದ ಯಾವ ಹೆಣ್ಣಮಗಳು ಆಡ್ತಾಳ? ಹಳ್ಳ ಬಂದಿತ್ತೋ ಅಂತ ಕೇಳಿದ್ರ ತಲಿ ತಗ್ಗಿಸಿ ನಿಂದರತಿದ್ರು. ಕೇಳಿದವರು ಬ್ಯಾರೆ ಯಾರೋ ಇರಬೇಕು.

ಬೆಣ್ಣಿಹಳ್ಳದ ಮೊಮ್ಮಗಳು:

ಅಕ್ಕಾ, ನಿಮ್ಮ ಮಾತು ಓದಿ ಅತ್ತೆಗೆ ಫೋನ್ ಮಾಡಿದೆ. ನೀವು ಹೇಳಿದ್ದೇ ನಿಜ. ಸಾಲಿಗೂ ಮನೆಗೂ ನಡುವೆ ಒಂದು ಗೋಡೆ ಅಷ್ಟೇ. ಗಂಡಸರ ಹತ್ತಿರ ಅಜ್ಜನೇ ಕೇಳುತ್ತಿದ್ದರು. ತಾಯಂದಿರು ಬಂದರೆ "ಒಳಗ ಹೋಗಿ ಚಾ ಕುಡದ ಬಾ ತಾಯಿ" ಅಂತ ಕಳಿಸುತ್ತಿದ್ದರಂತೆ. ಒಲೆಯ ಮುಂದೆ ಅಜ್ಜಿ ಎಲ್ಲ ಕೇಳಿ ತೆಗೆಯುತ್ತಿದ್ದಳು: ಸೂಲಗಿತ್ತಿ ಯಾರು, ಅವತ್ತು ಯಾರ ಮನೆಯಲ್ಲಿ ಏನು ನಡೆದಿತ್ತು, ತೊಟ್ಟಿಲಕ್ಕೆ ಹಾಕುವ ಹೊತ್ತಿಗೆ ಜೋಳ ತೆನೆ ಹಿಡಿದಿತ್ತೋ ಇಲ್ಲವೋ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ ಹೇಳುವುದು, ಅಜ್ಜ ಪಂಚಾಂಗ ತೆಗೆದು ಲೆಕ್ಕ ಹಾಕುವುದು. ಆ "ಹನ್ನೊಂದು ದಿನ" ಕೂಡ ಅಜ್ಜಿಯೇ ಕೇಳಿದ್ದಂತೆ. ನಿವೃತ್ತಿಯ ದಿನ ಊರವರು ಕೊಟ್ಟ ನವಲಗುಂದದ ಜಮಖಾನವನ್ನು ಅಜ್ಜ ಅಜ್ಜಿಯ ಕೈಗೇ ಕೊಡಿಸಿದ್ದು ಯಾಕೆ ಅಂತ ಈಗ ತಿಳಿಯಿತು. ಬರಹವನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಹಳೇ ಗುಮಾಸ್ತ:

ಪಂಚಾಂಗದ ಆ ಪೆನ್ಸಿಲ್ ಬರಹದ ಫೋಟೋ ಹಾಕಿಸಿ. ಅಜ್ಜನ ಸನ್ಮಾನದ ಫೋಟೋ ಒಂದಿದ್ದರೆ ಸಾಕು. ಕಾಕಾ ಒಪ್ಪಿದರೇ?

ಬೆಣ್ಣಿಹಳ್ಳದ ಮೊಮ್ಮಗಳು:

ಕರಡನ್ನು ರಾತ್ರಿಯೇ ಕಳಿಸಿದ್ದೆ. ಬೆಳಿಗ್ಗೆ ವಾಪಸ್ ಬಂತು. ಪಗಾರದ ಮಾತನ್ನು ಹೊಡೆದುಹಾಕಿರುತ್ತಾರೆ ಅಂದುಕೊಂಡಿದ್ದೆ. "ಎರಡು ವರ್ಷ" ಅನ್ನುವುದನ್ನು ಕಾಟು ಹಾಕಿ "ಒಂದು ವರ್ಷ ಎಂಟು ತಿಂಗಳು" ಅಂತ ತಿದ್ದಿದ್ದಾರೆ. ಉಳಿದದ್ದನ್ನು ಮುಟ್ಟಿಲ್ಲ.