ಝೆರಾಕ್ಸ್ ಅಂಗಡಿಗೆ ಆಧಾರ್ ವಾಟ್ಸಾಪ್ ಮಾಡದೆ ಪ್ರಿಂಟ್ ತೆಗೆಸೋದು ಹೇಗೆ?

ತೊಗರಿನಾಡು, ಕಲಬುರಗಿ
ತಂಗಿಗೆ 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸರ್ಟಿಫಿಕೇಟ್ ಮಾಡಿಸಬೇಕು. ಮಿನಿ ವಿಧಾನಸೌಧದ ಕಡೆ ಯಾವ ಅಂಗಡಿಗೆ ಹೋದರೂ "ಈ ನಂಬರಿಗೆ ವಾಟ್ಸಾಪ್ ಹಾಕ್ರಿ" ಅಂತಾರೆ. ನಿನ್ನೆ ಒಂದು ಕಡೆ ಕಂಪ್ಯೂಟರ್ ಪರದೆ ಕಣ್ಣಿಗೆ ಬಿತ್ತು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಯಾರ್ಯಾರದೋ ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲಾ ಸಾಲಾಗಿ ಬಿದ್ದಿವೆ. ತಂಗಿ ಕಳಿಸಿದರೆ ಅವಳ ಫೋನ್ ನಂಬರೂ ಜೊತೆಗೇ ಹೋಗುತ್ತಲ್ಲ, ಅದೇ ಜಾಸ್ತಿ ಚಿಂತೆ. ಕಳಿಸಿ ಆಮೇಲೆ 'ಡಿಲೀಟ್ ಫಾರ್ ಎವ್ರಿಒನ್' ಒತ್ತಿದರೆ ಸಾಕಾ?

ಬೀದರ್ ಅಕ್ಕ
ಸಾಕಾಗಲ್ಲ ತಮ್ಮಾ. ಚಾಟಿನಲ್ಲಿರೋದು ಹೋಗುತ್ತೆ ಅಷ್ಟೆ, ಕಂಪ್ಯೂಟರಿಗೆ ಇಳಿಸಿಕೊಂಡ ಫೈಲ್ ಅಲ್ಲೇ ಇರುತ್ತೆ. ಒಂದು ಚಿಕ್ಕ ಪೆನ್‌ಡ್ರೈವ್ ತಗೋ, ಟೈಪ್-ಸಿ ತುದಿ ಇರೋದಾದರೆ ಫೋನಿಗೇ ಚುಚ್ಚಬಹುದು. ಪ್ರಿಂಟಿಗೆ ಬೇಕಾದ ಫೈಲ್ ಮಾತ್ರ ಹಾಕು, ಮನೆ ಫೋಟೊ ಬೇಡ. ಡೆಸ್ಕ್‌ಟಾಪಿಗೆ ಕಾಪಿ ಮಾಡದೆ ಪೆನ್‌ಡ್ರೈವಿನಿಂದಲೇ ಪ್ರಿಂಟ್ ಕೊಡಿ ಅಂತ ಹೇಳು. ಅಂಗಡಿ ಕಂಪ್ಯೂಟರಿನ ವೈರಸ್ ಅಂಟಿಕೊಂಡು ಬರೋದುಂಟು, ಅದಕ್ಕೇ ಕೆಲಸ ಮುಗಿದ ಮೇಲೆ ಫಾರ್ಮ್ಯಾಟ್ ಮಾಡಿಬಿಡು.

ಇನ್ನೂ ಸುಲಭದ್ದು ಬೇಕಾ, ಒಂದು ಸಲ ಚೆನ್ನಾಗಿ ಪ್ರಿಂಟ್ ತೆಗೆಸಿ ಮನೆಯಲ್ಲಿ ಇಟ್ಟುಕೋ. ಮುಂದೆ ಅದನ್ನೇ ಝೆರಾಕ್ಸ್ ಮಾಡಿಸಿದರಾಯ್ತು, ಫೋನೇ ತೆಗೆಯೋದು ಬೇಡ. ಝೆರಾಕ್ಸಿನ ಮೇಲೆ ಅಡ್ಡಲಾಗಿ "371ಜೆ ಅರ್ಜಿಗೆ ಮಾತ್ರ" ಅಂತ ಬರೆದು ತಾರೀಖು, ಸಹಿ ಹಾಕಿಸು. ವಾಟ್ಸಾಪ್ ಮಾಡಲೇಬೇಕಾಗಿ ಬಂದರೆ ಎದುರಿಗೇ ನಿಂತು ಅಳಿಸಲು ಹೇಳು, ರಿಸೈಕಲ್ ಬಿನ್ನೂ ಖಾಲಿ ಮಾಡಿಸು. ನಾಚಿಕೆ ಪಡಬೇಡ, ಕಾಗದ ನಿಮ್ಮದು. ಸಾಲುಗಟ್ಟಿ ಜನ ನಿಂತಿರುವಾಗ ಅವರಾಗಿಯೇ ಅಳಿಸುತ್ತಾ ಕೂರಲ್ಲ.

ಯಾದಗಿರಿ ಕೋಟೆ
ಅಕ್ಕ ಹೇಳಿದ್ದು ಸರಿ. ಇನ್ನೊಂದು ಮಾತು, ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಸೈಟಿನಲ್ಲಿ ಆಧಾರ್ ಇಳಿಸುವಾಗ 'ಮಾಸ್ಕ್ಡ್ ಆಧಾರ್' ಅಂತ ಟಿಕ್ ಮಾಡಲು ಜಾಗ ಇದೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಲಾಡ್ಜಿಗೆ, ರೂಮಿನ ಓನರಿಗೆ ಅದನ್ನೇ ಕೊಡಿ. ಸರ್ಕಾರಿ ಅರ್ಜಿಗೆ ಪೂರ್ತಿ ನಂಬರ್ ಕೇಳಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಅಂತ ಸುಮ್ನೆ ನಂಬಿ ಕೂರಬೇಡಿ. ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಮುಂದೆ ಹುಟ್ಟಿದ ಇಸವಿ, ಅಷ್ಟೇ ಪಾಸ್‌ವರ್ಡ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೊತೆಗೇ ಕಳಿಸಿದರೆ ಎರಡೂ ಅದರಲ್ಲೇ ಸಿಗುತ್ತೆ ಅಲ್ವಾ? ಇನ್ನು ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸಾಪ್ ವೆಬ್ ತೆರೆದಿದ್ದರೆ ಹೊರಡುವ ಮುಂಚೆ ಫೋನಿನ 'ಲಿಂಕ್ಡ್ ಡಿವೈಸಸ್' ನೋಡಿ, ಲಾಗ್‌ಔಟ್ ಮಾಡಿ.

ತೊಗರಿನಾಡು, ಕಲಬುರಗಿ
ತುಂಬಾ ಉಪಯೋಗ ಆಯ್ತು, ಪೆನ್‌ಡ್ರೈವ್ ತಗೋತೀನಿ. ಈಗಾಗಲೇ ಅಮ್ಮನ ಆಧಾರ್ ಎಷ್ಟೋ ಕಡೆ ಕೊಟ್ಟಾಗಿದೆ. ಬೆರಳಚ್ಚು ಲಾಕ್ ಮಾಡಬಹುದು ಅಂತಾರಲ್ಲ, ಮಾಡಲಾ?

ಬೀದರ್ ಅಕ್ಕ
ಮಾಡು, ಯುಐಡಿಎಐ ಆಧಾರ್ ಆ್ಯಪಿನಲ್ಲೇ ಆಗುತ್ತೆ. ಲಾಕ್ ಆದ ಮೇಲೆ ಆಧಾರ್ ನಂಬರ್ ಗೊತ್ತಿದ್ದರೂ ಬೆರಳಚ್ಚು ಇಟ್ಟು ಬ್ಯಾಂಕಿನ ದುಡ್ಡು ತೆಗೆಯೋಕೆ ಆಗಲ್ಲ. ಆದರೆ ನ್ಯಾಯಬೆಲೆ ಅಂಗಡಿಯ ಮಷೀನೂ ಅಮ್ಮನ ಬೆರಳು ತಗೊಳ್ಳಲ್ಲ. ರೇಷನ್ ತರೋ ದಿನ ಆ್ಯಪಿನಲ್ಲಿ ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡಿಕೊಡು.