ದುಡ್ಡು ಕೊಟ್ಟು ಬರೆಸಲಾ, ಕಲಿತು ನಾನೇ ಬರೆಯಲಾ?

ಬ್ಯಾಡಗಿ_ಅಂಗಡಿ:

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರ್ಕೆಟ್‌ನಲ್ಲಿ ದಲಾಲಿ ಅಂಗಡಿ ನಡೆಸಿದವನು ನಾನು. ಈಗ ಅಂಗಡಿ ಮಗನ ಕೈಯಲ್ಲಿದೆ, ನನಗೆ ಟೈಮ್ ಸಿಕ್ಕಿದೆ. ಮೆಣಸಿನಕಾಯಿ ವ್ಯಾಪಾರದ ಬಗ್ಗೆ ಒಂದು ಪುಸ್ತಕ ತರಬೇಕು ಅಂತ ಬಹಳ ದಿನದಿಂದ ಆಸೆ. ನನ್ನ ಜೀವನಚರಿತ್ರೆ ಅಲ್ಲ, ಮಾರ್ಕೆಟ್‌ನ ಕಥೆ. ಬಾಯಿಮಾತಿನ ವ್ಯಾಪಾರ ಹೋಗಿ ಇ-ಟೆಂಡರ್ ಬಂದಿದ್ದು, ನಮ್ಮ ಹಳೇ ತಳಿಗಳಾದ ಡಬ್ಬಿ, ಕಡ್ಡಿ ಕಾಯಿಯ ಜಾಗಕ್ಕೆ ಹೈಬ್ರಿಡ್ ಬಂದು ಕೂತಿದ್ದು, ಬಣ್ಣ ತೆಗೆಯೋ ಫ್ಯಾಕ್ಟರಿಗಳು ಬಂದ ಮೇಲೆ ಖಾರಕ್ಕಿಂತ ಕೆಂಪಿಗೇ ಜಾಸ್ತಿ ರೇಟು ಸಿಕ್ಕಿದ್ದು, 2011ರಲ್ಲಿ ನಮ್ಮ ಕಾಯಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಬಂದಿದ್ದು, ಹೀಗೆ. ಹಳೇ ಕಿರ್ದಿ ಪುಸ್ತಕಗಳ ಕೊನೇ ಹಾಳೆಗಳಲ್ಲಿ ಆಗಾಗ ಗೀಚಿಟ್ಟಿದ್ದೂ ಬೇಕಾದಷ್ಟಿದೆ.

ಈಗ ಎರಡು ದಾರಿ ಕಾಣ್ತಿವೆ. ಹುಬ್ಬಳ್ಳಿಯ ಒಬ್ಬರು ಎಲ್ಲಾ ಕೇಳಿಸಿಕೊಂಡು ತಾವೇ ಬರೆದು ಕೊಡ್ತಾರಂತೆ. ಪುಸ್ತಕದ ಮೇಲೆ ನನ್ನ ಹೆಸರು, ಅವರ ಹೆಸರು ಎಲ್ಲೂ ಇರಲ್ಲ. ಒಂದೂವರೆ ಲಕ್ಷ ಹೇಳಿದ್ದಾರೆ, ಪ್ರಿಂಟಿಂಗ್ ಬಿಟ್ಟು. ಇನ್ನೊಬ್ಬರು ಧಾರವಾಡದವರು, ಬರವಣಿಗೆ ಕೋಚ್. ನಾನೇ ಬರೀಬೇಕು, ಅವರು ವಾರಕ್ಕೊಮ್ಮೆ ಓದಿ ದಾರಿ ತೋರಿಸ್ತಾರೆ, ತಿಂಗಳಿಗೆ ನಾಲ್ಕು ಸಾವಿರ. ಎಷ್ಟು ತಿಂಗಳು ಅಂತ ಕೇಳಿದರೆ ನಕ್ಕರು. ನಾನು ಓದಿದ್ದು ಹತ್ತನೇ ಕ್ಲಾಸ್. ಯಾವುದು ಸರಿ ಹೇಳಿ.

ಗದಗ_ಪ್ರೂಫ್:

ಸರ್, ನಾನು ಗದಗಿನಲ್ಲಿ ಪ್ರೆಸ್ ಕೆಲಸದಲ್ಲಿದ್ದೇನೆ. ಮುದ್ರಣಕ್ಕೆ ಹೆಸರಾದ ಊರು ನಮ್ಮದು, ಇಂಥಾ ಪುಸ್ತಕ ದಿನಾ ಕೈಗೆ ಬರ್ತಾವೆ. ಬರೆಸಿಕೊಂಡ ಪುಸ್ತಕವನ್ನು ಮೊದಲ ಪುಟದಲ್ಲೇ ಗುರುತು ಹಿಡೀತೀನಿ. ಮಠದ ಸ್ವಾಮಿಗಳದಾಗಲಿ ಕಿರಾಣಿ ವ್ಯಾಪಾರಿಯದಾಗಲಿ, ಎಲ್ಲರೂ "ಕಡು ಬಡತನದಲ್ಲಿ ಜನಿಸಿ" ಅಂತಲೇ ಶುರುವಾಗೋದು. ನೀವು ಹೇಳಿದ್ದು ಬರೆದುಕೊಡುವವರ ಪುಟಕ್ಕೆ ಹೋಗುವಷ್ಟರಲ್ಲಿ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನೀವು "ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಸುಮ್ನಿದ್ದರೆ ಹಸಿ ಇದೆ" ಅಂತ ಹೇಳ್ತೀರಿ. ಅವರು ಬರೆಯೋದು "ಶ್ರೀಯುತರು ಮೆಣಸಿನಕಾಯಿಯ ಗುಣಮಟ್ಟ ಪರೀಕ್ಷೆಯಲ್ಲಿ ಅಪಾರ ಪಾಂಡಿತ್ಯ ಹೊಂದಿದ್ದರು" ಅಂತ. ದುಡ್ಡು ಕೊಟ್ಟು ಕಾಯಿ ಕಳಕೊಂಡ ಹಾಗಾಯ್ತು, ಅಲ್ವಾ?

ಎಲ್ಲರೂ ಹೀಗೇ ಅಂತಲ್ಲ, ಚೆನ್ನಾಗಿ ಬರೆಯೋರೂ ಇದ್ದಾರೆ. ಆದರೆ ಬರೆಸಿದವರಲ್ಲಿ ಬಹಳಷ್ಟು ಜನ ತಮ್ಮ ಪುಸ್ತಕವನ್ನು ಮೊದಲ ಸಲ ಓದೋದೇ ಅಚ್ಚಿಗೆ ಮುಂಚಿನ ಪ್ರೂಫ್ ಬಂದಾಗ. ಪುಟ ಕಟ್ಟಿ ಆಗಿರುತ್ತೆ, ಆಗ "ಇದು ನಾನು ಹೇಳಿದ್ದಲ್ಲ" ಅಂತ ಪ್ಯಾರಾ ಹೊಡೆದು ಹಾಕಿ ಹೊಸದು ಸೇರಿಸ್ತಾರೆ, ಒಟ್ಟಿಗೆ ಅಚ್ಚಾಗೋ 16 ಪುಟದ ಫಾರ್ಮ್ 19 ಪುಟ ಆಗುತ್ತೆ, ಪುಟ ಕಟ್ಟೋ ಡಿಟಿಪಿ ಬಿಲ್ ಮತ್ತೆ ಏರುತ್ತೆ. ಬರೆಸೋದೇ ಆದರೆ ಒಂದೊಂದು ಅಧ್ಯಾಯ ಮುಗಿದ ಹಾಗೇ ಓದಿ ಒಪ್ಪಿಗೆ ಕೊಡಿ, ದುಡ್ಡೂ ಹಾಗೇ ಕಂತಿನಲ್ಲಿ ಕೊಡಿ. ಇನ್ನೊಂದು, ಪ್ಯಾಕೇಜ್ ಅಂತ ಹೇಳಿ ಪುಸ್ತಕದ ಗುರುತಿನ ನಂಬರ್ ಐಎಸ್‌ಬಿಎನ್‌ಗೂ ಚಾರ್ಜ್ ಹಾಕಿದ್ದಾರಾ ನೋಡಿ. ಅದನ್ನು ಸರ್ಕಾರದ ಏಜೆನ್ಸಿ ಪುಕ್ಕಟೆ ಕೊಡುತ್ತೆ, ಲೇಖಕರೇ ಅರ್ಜಿ ಹಾಕಬಹುದು.

ಸಿಸ್ಟರ್_ಧಾರವಾಡ:

ಅಣ್ಣಾ, ನಾನು ನರ್ಸ್ ಆಗಿ ರಿಟೈರ್ ಆದವಳು, ಕೋಚ್ ಹತ್ತಿರ ಬರೆಯೋದು ಕಲಿತೆ. ಅವರು ತಿದ್ದಿ ಕೊಡ್ತಾರೆ ಅಂತ ತಿಳಕೊಂಡಿದ್ದರೆ ಅದನ್ನ ಮೊದಲು ಬಿಡಿ. ನಮ್ಮ ಮೇಡಂ ಒಂದು ಸಾಲನ್ನೂ ತಿದ್ದಲಿಲ್ಲ. ಮಾರ್ಜಿನ್‌ನಲ್ಲಿ ಬರೀ ಪ್ರಶ್ನೆ. "ರಾತ್ರಿ ಪಾಳಿ ಕಷ್ಟದ್ದು" ಅಂತ ನಾನು ಬರೆದಿದ್ದರೆ, ಪಕ್ಕದಲ್ಲಿ "ವಾರ್ಡ್‌ನಲ್ಲಿ ಎಷ್ಟು ಮಂಚ? ಕರೆಂಟ್ ಹೋದರೆ ಸಲೈನ್ ಹನಿ ಹೇಗೆ ಎಣಿಸ್ತಿದ್ರಿ?" ಅಂತ. ಸಿಟ್ಟು ಬರ್ತಿತ್ತು. ಆದರೆ ಉತ್ತರ ಬರೆಯಲು ಕೂತರೆ ಎರಡು ಪುಟ ಆಗ್ತಿತ್ತು, ಆ ಎರಡು ಪುಟ ನನಗೂ ಓದಿಸಿಕೊಂಡು ಹೋಗ್ತಿತ್ತು.

ಹತ್ತನೇ ಕ್ಲಾಸ್ ಅಂತ ಹಿಂಜರಿಯಬೇಡಿ. ಕಾಗುಣಿತ ಸರಿ ಮಾಡೋರು ಆಮೇಲೆ ಸಿಗ್ತಾರೆ, ಗದಗದವರು ಇಲ್ಲೇ ಇದ್ದಾರಲ್ಲ. ನೋಡಬೇಕಾದ್ದು ಬೇರೆ. ವಾರಕ್ಕೆ ಮೂರ್ನಾಲ್ಕು ಪುಟ ನೀವು ನಿಜವಾಗಿ ಬರೀತೀರಾ? ನಮ್ಮ ಜೊತೆ ಶುರು ಮಾಡಿದವರಲ್ಲಿ ಅರ್ಧಕ್ಕರ್ಧ ಜನ ಮದುವೆ ಸೀಸನ್ ಬರ್ತಿದ್ದ ಹಾಗೇ ಮಾಯ. ಫೀ ಮಾತ್ರ ತಿಂಗಳಾ ತಿಂಗಳಾ ಹೋಗ್ತಿತ್ತು. ಮತ್ತೆ ಕೆಲವು ಕೋಚ್‌ಗಳಿಗೆ ತಮ್ಮದೇ ಶೈಲಿ ಹೇರೋ ಚಟ ಇರುತ್ತೆ. ನಮ್ಮ ಕಡೆ ಮಾತು ಬಂದ ಕಡೆಯೆಲ್ಲ ಕೆಂಪು ಗೀಟು ಎಳೆದು ಗ್ರಾಂಥಿಕ ಮಾಡ್ತಾರೆ. ಅಂಥವರಾದರೆ ಬರೆದುಕೊಡುವವರೇ ವಾಸಿ, ಕೈ ನೋವಾದರೂ ತಪ್ಪುತ್ತೆ.

ವಕೀಲ_ವಿದ್ಯಾನಗರ:

ಎಲ್ಲರೂ ಶೈಲಿ ಮಾತಾಡ್ತಿದ್ದಾರೆ, ನಾನು ಕಾಗದದ ಮಾತು ಹೇಳ್ತೀನಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರೇ ಮೊದಲ ಹಕ್ಕುದಾರರು. ಅವರು ನಿಮ್ಮ ಹತ್ತಿರ ಸಂಬಳಕ್ಕಿರುವ ನೌಕರರಲ್ಲ, ಗುತ್ತಿಗೆ ಹಿಡಿದು ಬರೆಯೋರು. ಹಾಗಾಗಿ ಒಂದೂವರೆ ಲಕ್ಷ ಕೊಟ್ಟಿರಿ ಅಂದ ಮಾತ್ರಕ್ಕೆ ಪುಸ್ತಕದ ಹಕ್ಕು ತಾನಾಗಿ ನಿಮ್ಮದಾಗಲ್ಲ. ಹಕ್ಕು ನಿಮಗೆ ಬಿಟ್ಟುಕೊಟ್ಟಿದ್ದಾರೆ ಅಂತ ಕಾಗದದಲ್ಲಿ ಬರೆಸಿ ಸಹಿ ಹಾಕಿಸ್ಕೋಬೇಕು, ಅದು 19ನೇ ಸೆಕ್ಷನ್. ಆ ಕಾಗದದಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತೆ, ಪ್ರದೇಶ ಬರೆಯದಿದ್ದರೆ ಭಾರತ ಅಷ್ಟೇ. ಹಕ್ಕು ತಗೊಂಡು ಒಂದು ವರ್ಷದೊಳಗೆ ಬಳಸದಿದ್ದರೂ ಅದು ಬಿದ್ದುಹೋಗುತ್ತೆ, ಬೇರೆ ಥರ ಬರೆದುಕೊಂಡಿದ್ದರೆ ಬೇರೆ ಮಾತು. ನಿಧಾನಕ್ಕೆ ಪ್ರಿಂಟ್ ಮಾಡಿಸೋಣ ಅನ್ನೋರು ಇದನ್ನು ಮರೀಬಾರದು. ಆದ್ದರಿಂದ "ಪೂರ್ತಿ ಅವಧಿಗೆ, ಎಲ್ಲಾ ದೇಶಗಳಿಗೆ, ಯಾವಾಗ ಬಳಸಿದರೂ ನಡೆಯುತ್ತದೆ" ಅಂತ ಸ್ಪಷ್ಟವಾಗಿ ಇರಲಿ. ರೆಕಾರ್ಡಿಂಗ್, ಕಿರ್ದಿ ಪುಸ್ತಕಗಳ ಫೋಟೋ ಯಾರ ಹತ್ತಿರ ಉಳಿಯುತ್ತೆ ಅನ್ನೋದೂ ಬರೆದಿರಲಿ. ಅದರಲ್ಲಿ ರೈತರ ಸಾಲದ ಲೆಕ್ಕ, ಹೆಸರು ಎಲ್ಲಾ ಇರ್ತಾವಲ್ಲ.

ಇಷ್ಟೆಲ್ಲಾ ಬರೆಸಿಕೊಂಡರೂ ಬರೆದವರಿಗೆ "ಇದು ನಾನು ಬರೆದಿದ್ದು" ಅಂತ ಹೇಳೋ ಹಕ್ಕನ್ನು 57ನೇ ಸೆಕ್ಷನ್ ಉಳಿಸುತ್ತೆ. ಕೋಚ್ ವಿಷಯದಲ್ಲಿ ಈ ತಲೆನೋವೇ ಇಲ್ಲ. ಬರೆದವರು ನೀವು, ಹಕ್ಕೂ ನಿಮ್ಮದು.

ಫಿಟ್ಟರ್_ಮಗ:

ಎಲ್ಲರೂ ತಾವೇ ಬರೀಬೇಕು ಅಂತೇನಿಲ್ಲರೀ. ನಮ್ಮ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದವರು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು, ಕೋಚ್ ಇಟ್ಟುಕೊಂಡು ಏನು ಮಾಡೋದು? ಬರೆದುಕೊಡುವವರನ್ನೇ ಹಿಡಿದೆವು. ಅವರಿಗೆ ವರ್ಕ್‌ಶಾಪ್ ಅಂದರೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಬೋಗಿಯನ್ನು ಹೇಗೆ ಎತ್ತುತ್ತಾರೆ, ಚಕ್ರ ಹೇಗೆ ಬಿಚ್ಚುತ್ತಾರೆ ಅಂತ ಪ್ರತಿಯೊಂದನ್ನೂ ಕೇಳಿದರು. ತಂದೆಗೂ ಹೇಳೋ ಹುರುಪು ಬಂತು. ಎಲ್ಲಾ ಫೋನ್‌ನಲ್ಲಿ ರೆಕಾರ್ಡ್ ಆಗಿದೆ. ಈಗ ತಂದೆ ಇಲ್ಲ, ಪುಸ್ತಕಕ್ಕಿಂತ ನಮಗೆ ಆ ರೆಕಾರ್ಡಿಂಗೇ ಜಾಸ್ತಿ.

ಒಂದು ವಿಷಯ ಮಾತ್ರ ಅವರ ಜೊತೆ ಜಗಳ ಮಾಡಿ ಒಪ್ಪಿಸಿದೆವು. ಹೆಸರು ಬೇಡ ಅಂದರು, ನಾವು ಬಿಡಲಿಲ್ಲ. ತಂದೆ ಹೆಸರಿನ ಕೆಳಗೆ "ನಿರೂಪಣೆ" ಅಂತ ಅವರ ಹೆಸರು ಹಾಕಿದೆವು. ಕನ್ನಡದಲ್ಲಿ ಇದು ಹೊಸದಲ್ಲ, ಎಷ್ಟೋ ಆತ್ಮಕಥೆಗಳ ಮೇಲೆ ಹೀಗೇ ಇರುತ್ತೆ, ಯಾರೂ ಹುಬ್ಬೇರಿಸಲ್ಲ. ಮುಚ್ಚಿಟ್ಟರೇ ಆಮೇಲೆ ಊರಲ್ಲಿ ಪಿಸುಮಾತು.

ಆದರೆ ನಿಮ್ಮ ವಿಷಯ ಬೇರೆ ಅನಿಸುತ್ತೆ. ಕೈ ಗಟ್ಟಿ ಇದೆ, ಇಲ್ಲಿ ಕೇಳಿರೋ ಪ್ರಶ್ನೆಯನ್ನೇ ಎಷ್ಟು ಚೆನ್ನಾಗಿ ಬರೆದಿದ್ದೀರಿ.

ಬ್ಯಾಡಗಿ_ಅಂಗಡಿ:

ಎಲ್ಲರಿಗೂ ಧನ್ಯವಾದ. ಆ "ಅಪಾರ ಪಾಂಡಿತ್ಯ" ಓದಿ ಮನೆಯವರೆಲ್ಲಾ ನಕ್ಕರು. ಹೀಗೆ ಮಾಡೋಣ ಅಂತಿದ್ದೀನಿ. ಟೆಂಡರ್ ದಿನದ ಬೆಳಗಿನ ಜಾವದ ಒಂದು ಅಧ್ಯಾಯ, ಲಾರಿ ಬರೋದರಿಂದ ರೇಟು ಬೀಳೋವರೆಗೆ. ಅದನ್ನು ಹುಬ್ಬಳ್ಳಿಯವರಿಗೆ ಬಾಯಲ್ಲಿ ಹೇಳಿ ಬರೆಸ್ತೀನಿ, ಅದಕ್ಕಷ್ಟೇ ದುಡ್ಡು. ಅದೇ ಅಧ್ಯಾಯ ನಾನೂ ಬರೆದು ಧಾರವಾಡದವರಿಗೆ ತೋರಿಸ್ತೀನಿ. ಎರಡನ್ನೂ ನಮ್ಮ ಅಂಗಡಿಯ ಹಳೇ ಹಮಾಲರ ಮುಂದೆ ಓದಿಸ್ತೀನಿ. ಅಕ್ಕಾರೆ, ನಿಮ್ಮ ಮೇಡಂ ಹೊಸಬರನ್ನ ತಗೋತಾರಾ?

ಸಿಸ್ಟರ್_ಧಾರವಾಡ:

ತಗೋತಾರೆ. ಆದರೆ ಫೋನ್ ಮಾಡೋ ಮುಂಚೆ ಎರಡು ಪುಟ ಬರೆದಿಟ್ಟುಕೊಳ್ಳಿ, ಖಾಲಿ ಕೈಲಿ ಹೋದವರನ್ನ ಅವರು ವಾಪಸ್ ಕಳಿಸ್ತಾರೆ. ಹಮಾಲರ ಐಡಿಯಾ ಮಾತ್ರ ಬಿಡಬೇಡಿ, ಅವರು ಓದಿ ಏನಂದರು ಅಂತ ಇಲ್ಲಿ ತಪ್ಪದೆ ಹಾಕಿ.